ಆ ವಜ್ರ ಹೊರಟಿದ್ದು ನಮ್ಮ ಮಂಡ್ಯದ ನೆಲದಿಂದ!

ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳ ವಂಶಕ್ಕೇ ಹಿರಿಯ ಎನ್ನಿಸಿಕೊಂಡ ಕಾದಂಬರಿಯೊಂದಿದೆ. ಅದರ ಮೊದಲ ಪುಟಗಳಲ್ಲೇ ಒಂದು ಕೋಟೆಗೆ ಲಗ್ಗೆ ಬೀಳುತ್ತದೆ, ಅರಮನೆಯ ಖಜಾನೆ ಲೂಟಿಯಾಗುತ್ತದೆ, ಪಂಜಿನ ಬೆಳಕಿನಲ್ಲಿ ಮೂವರು ನೆಲಕ್ಕುರುಳುತ್ತಾರೆ, ರಕ್ತ ತೊಟ್ಟಿಕ್ಕುವ ಕಠಾರಿಯ ಹಿಡಿಯಲ್ಲಿ ಹಳದಿ ವಜ್ರವೊಂದು ಝಗ್ಗನೆ ಹೊಳೆಯುತ್ತದೆ. ಆ ಕೋಟೆ ಯಾವುದು ಗೊತ್ತೆ? ಶ್ರೀರಂಗಪಟ್ಟಣ! ಮಂಡ್ಯದಲ್ಲಿ ಬಸ್ಸು ಹತ್ತಿ ಕೂತರೆ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಇಳಿಯಬೇಕಾಗುವ ನಮ್ಮ ಶ್ರೀರಂಗಪಟ್ಟಣ!

ಈ ಸುದ್ದಿಯನ್ನು ನನಗೆ ಮುಟ್ಟಿಸಿದ್ದು ಐವತ್ತು ವರ್ಷ ದಾಟಿದ ಒಂದು ಟಿವಿ ಧಾರಾವಾಹಿ. ವಿಲ್ಕಿ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’ ಕಾದಂಬರಿಯನ್ನು ಬಿಬಿಸಿ 1972ರಲ್ಲಿ ಐದು ಕಂತುಗಳ ಧಾರಾವಾಹಿಯಾಗಿ ಪ್ರಸಾರ ಮಾಡಿತ್ತು. ಹಳೆಯ ಇಂಗ್ಲಿಷ್ ಕಾದಂಬರಿಗಳ ಹಳೆಯ ಧಾರಾವಾಹಿಗಳೆಂದರೆ ನನಗೆ ಪ್ರಾಣ. 1975ರ ‘ಪೋಲ್ಡಾರ್ಕ್’, 1980ರ ‘ಪ್ರೈಡ್ ಅಂಡ್ ಪ್ರಿಜುಡಿಸ್’, 1985ರ ‘ಬ್ಲೀಕ್ ಹೌಸ್’ ಇವನ್ನೆಲ್ಲ ಹುಡುಕಿ ಹುಡುಕಿ ನೋಡಿದ್ದೇನೆ. ಹಾಗೆ ಹುಡುಕುತ್ತಿದ್ದಾಗಲೇ ‘ಮೂನ್‌ಸ್ಟೋನ್’ ಸಿಕ್ಕಿತು. ಇಂಗ್ಲೆಂಡಿನ ಯಾವುದೋ ಬಂಗಲೆ, ಯಾವುದೋ ಕಳ್ಳತನ ಎಂದುಕೊಂಡು ಕೂತವರಿಗೆ, ಕಥೆಯ ಬೇರು ನಮ್ಮ ಜಿಲ್ಲೆಯಲ್ಲೇ ಇದೆ ಎಂದು ಗೊತ್ತಾದರೆ ಹೇಗಾಗಬೇಡ!

ಮೊದಲು ಆ ಧಾರಾವಾಹಿಗಳ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಅವನ್ನು ನೋಡಲು ಬೇರೆಯದೇ ತಾಳ್ಮೆ ಬೇಕು. ಆ ಕಾಲದ ಬಿಬಿಸಿ ನಾಟಕಗಳಲ್ಲಿ ಮನೆಯೊಳಗಿನ ದೃಶ್ಯಗಳನ್ನು ಸ್ಟುಡಿಯೋದಲ್ಲಿ ಸೆಟ್ ಹಾಕಿ, ಏಕಕಾಲಕ್ಕೆ ಹಲವು ಕ್ಯಾಮೆರಾ ಇಟ್ಟು ವಿಡಿಯೋ ಟೇಪಿನಲ್ಲಿ ಹಿಡಿಯುತ್ತಿದ್ದರು. ಹೊರಗಿನ ದೃಶ್ಯಗಳನ್ನು 16 ಎಂಎಂ ಫಿಲ್ಮಿನಲ್ಲಿ ತೆಗೆಯುತ್ತಿದ್ದರು. ಪಾತ್ರವೊಂದು ಬಾಗಿಲು ದಾಟಿ ಅಂಗಳಕ್ಕೆ ಕಾಲಿಟ್ಟ ಕೂಡಲೇ ಚಿತ್ರದ ಬಣ್ಣ, ಹದ, ಬೆಳಕು ಎಲ್ಲ ಬದಲಾಗುತ್ತದೆ. ಮೊದಮೊದಲು ಕಣ್ಣಿಗೆ ಇರಿಸುಮುರಿಸು. ಆಮೇಲೆ ಅದೇ ರುಚಿ! ಮಾತಿಗೆ ಮಾತು ಕೂಡಿಸಿ ಕಟ್ಟಿದ ದೀರ್ಘ ದೃಶ್ಯಗಳು, ಕದಲದೆ ಮುಖವನ್ನೇ ನೋಡುತ್ತ ನಿಲ್ಲುವ ಕ್ಯಾಮೆರಾ, ನಟರ ಉಸಿರು ಕೇಳಿಸುವಷ್ಟು ಮೌನ. ನಮ್ಮ ಹಳ್ಳಿಗಳಲ್ಲಿ ಬೆಳಗಿನ ಜಾವದವರೆಗೆ ಚಾಪೆ ಹಾಸಿ ಕೂತು ‘ಕುರುಕ್ಷೇತ್ರ’ ನಾಟಕ ನೋಡಿದವರಿಗೆ ಈ ಧಾರಾವಾಹಿಗಳ ಗತಿ ಥಟ್ಟನೆ ಒಗ್ಗುತ್ತದೆ. ಅಲ್ಲಿಯೂ ಪರದೆ ಬಣ್ಣದ್ದೆಂದು ಎಲ್ಲರಿಗೂ ಗೊತ್ತು, ಮಾತು ಮಾತ್ರ ಎದೆಗೇ ನಾಟುತ್ತದೆ.

ಇನ್ನು ಕಥೆ. 1848ರ ಜೂನ್ ತಿಂಗಳು. ಇಂಗ್ಲೆಂಡಿನ ಯಾರ್ಕ್‌ಶೈರ್ ಕಡಲ ತೀರದ ಒಂದು ಶ್ರೀಮಂತ ಮನೆ. ರೇಚಲ್ ವೆರಿಂಡರ್ ಎಂಬ ತರುಣಿಗೆ ಹದಿನೆಂಟು ತುಂಬಿದ ದಿನ. ಸತ್ತುಹೋದ ಸೋದರಮಾವ, ಕರ್ನಲ್ ಜಾನ್ ಹರ್ನ್‌ಕ್ಯಾಸಲ್, ಉಯಿಲಿನಲ್ಲಿ ಅವಳ ಹೆಸರಿಗೆ ಬರೆದಿಟ್ಟ ದೊಡ್ಡದೊಂದು ಹಳದಿ ವಜ್ರವನ್ನು ಫ್ರಾಂಕ್ಲಿನ್ ಬ್ಲೇಕ್ ಎಂಬ ಯುವಕ ತಂದು ಅವಳ ಕೈಗಿಡುತ್ತಾನೆ. ಅವತ್ತೇ ಆ ಮನೆಯ ಬಳಿ ಮೂವರು ಭಾರತೀಯರು ಕಾಣಿಸಿಕೊಂಡಿರುತ್ತಾರೆ, ಜಾದೂ ತೋರಿಸುವವರ ವೇಷದಲ್ಲಿ. ಅವತ್ತು ರಾತ್ರಿಯೇ ವಜ್ರ ಮಾಯ! ಕದ್ದವರು ಯಾರು? 1972ರ ಧಾರಾವಾಹಿಯಲ್ಲಿ ರೇಚಲ್ ಆಗಿ ವಿವಿಯನ್ ಹೈಲ್‌ಬ್ರನ್, ಫ್ರಾಂಕ್ಲಿನ್ ಆಗಿ ರಾಬಿನ್ ಎಲಿಸ್. ಇದೇ ರಾಬಿನ್ ಎಲಿಸ್ ಮೂರು ವರ್ಷದ ನಂತರ ಪೋಲ್ಡಾರ್ಕ್ ಆಗಿ ಮನೆಮಾತಾದವರು.

ಸೋದರಮಾವನಿಗೆ ಆ ವಜ್ರ ಎಲ್ಲಿ ಸಿಕ್ಕಿತು? ಭಾರತದಲ್ಲಿ, ಒಂದು ಯುದ್ಧದಲ್ಲಿ. ಅಷ್ಟು ಕೇಳಿದ್ದೇ ತಡ, ಮೂಲ ಕಾದಂಬರಿ ತೆರೆದೆ. ಮುನ್ನುಡಿಯಂಥ ಮೊದಲ ಅಧ್ಯಾಯದ ಶೀರ್ಷಿಕೆಯಲ್ಲೇ ಊರಿನ ಹೆಸರೂ ಇದೆ, ಇಸವಿಯೂ ಇದೆ: ಶ್ರೀರಂಗಪಟ್ಟಣದ ಮೇಲಿನ ಲಗ್ಗೆ, 1799. ಮೈ ಜುಮ್ಮೆಂದಿತು!

ಖಜಾನೆಯ ಅಂಗಳದಲ್ಲಿ

ಆ ಅಧ್ಯಾಯ ಚಿಕ್ಕದು. ಹರ್ನ್‌ಕ್ಯಾಸಲ್‌ನ ದಾಯಾದಿಯೊಬ್ಬ, ಅವನೂ ಅದೇ ಸೈನ್ಯದವನು, ಭಾರತದಿಂದ ತನ್ನ ಬಂಧುಗಳಿಗೆ ಬರೆದ ಪತ್ರದ ರೂಪದಲ್ಲಿದೆ. ಕಾಲಿನ್ಸ್ ಕಟ್ಟಿದ ವಜ್ರದ ಪುರಾಣ ಅದರಲ್ಲಿ ಬರುತ್ತದೆ. ಆ ಕಲ್ಲು ಮೊದಲಿಗೆ ಸೋಮನಾಥದ ಚಂದ್ರದೇವರ ಹಣೆಯಲ್ಲಿತ್ತು. ಘಜನಿ ಮಹಮೂದನ ಕಣ್ಣು ತಪ್ಪಿಸಿ ಅದನ್ನು ಕಾಶಿಗೆ ಸಾಗಿಸಿದರು. ಮೂವರು ಬ್ರಾಹ್ಮಣರು ತಲೆಮಾರಿನಿಂದ ತಲೆಮಾರಿಗೆ ಹಗಲೂ ಇರುಳೂ ಅದನ್ನು ಕಾಯಬೇಕೆಂದು ಕಟ್ಟಳೆಯಾಯಿತು. ಔರಂಗಜೇಬನ ಕಾಲದಲ್ಲಿ ಅದು ಅವನ ಸೈನ್ಯಾಧಿಕಾರಿಯೊಬ್ಬನ ಪಾಲಾಯಿತು. ಕೈಯಿಂದ ಕೈಗೆ ದಾಟುತ್ತ ದಾಟುತ್ತ ಕೊನೆಗೆ ಬಂದು ಸೇರಿದ್ದು ಶ್ರೀರಂಗಪಟ್ಟಣಕ್ಕೆ, ಟಿಪ್ಪು ಸುಲ್ತಾನನ ಕೈಗೆ. ಸುಲ್ತಾನ ಅದನ್ನು ಕಠಾರಿಯೊಂದರ ಹಿಡಿಗೆ ಕೂರಿಸಿ ಶಸ್ತ್ರಾಗಾರದಲ್ಲಿಟ್ಟ. ಕಾವಲಿನ ಮೂವರು ವೇಷ ಮರೆಸಿಕೊಂಡು ಅರಮನೆಯೊಳಗೇ ಸೇರಿಕೊಂಡರು!

ಮುತ್ತಿಗೆಗೆ ಬಂದ ದಂಡಿನ ಬಿಡಾರಗಳಲ್ಲಿ ಈ ಕಥೆ ಹಬ್ಬುತ್ತದೆ. ಉಳಿದವರೆಲ್ಲ ನಕ್ಕು ಬಿಡುತ್ತಾರೆ, ಹರ್ನ್‌ಕ್ಯಾಸಲ್ ಒಬ್ಬ ನಂಬುತ್ತಾನೆ. ಕೋಟೆ ಬಿದ್ದರೆ ಆ ವಜ್ರ ತನ್ನ ಬೆರಳಿನಲ್ಲಿರುತ್ತದೆ ಎಂದು ಪಂಥ ಕಟ್ಟುತ್ತಾನೆ. 1799ರ ಮೇ 4ರಂದು ಕೋಟೆ ಬೀಳುತ್ತದೆ. ಲೂಟಿ ಮಾಡಿದವನನ್ನು ಗಲ್ಲಿಗೇರಿಸುವುದಾಗಿ ಜನರಲ್ ಬೇರ್ಡ್ ಸಾರಿಸುತ್ತಾನೆ. ಆದರೂ ಸೈನಿಕರು ಕಾವಲಿಲ್ಲದ ಬಾಗಿಲೊಂದರಿಂದ ಖಜಾನೆಗೆ ನುಗ್ಗುತ್ತಾರೆ. ಆ ಗದ್ದಲದ ನಡುವೆ ಶಸ್ತ್ರಾಗಾರದಿಂದ ಚೀತ್ಕಾರವೊಂದು ಕೇಳಿಬರುತ್ತದೆ. ಓಡಿಹೋದರೆ ಬಾಗಿಲಲ್ಲಿ ಇಬ್ಬರ ಹೆಣ. ಒಳಗೆ ಮೂರನೆಯವನು ಹರ್ನ್‌ಕ್ಯಾಸಲ್‌ನ ಕಾಲ ಬಳಿ ಕುಸಿಯುತ್ತಿದ್ದಾನೆ. ಈ ವಜ್ರ ನಿನ್ನ ಮೇಲೂ ನಿನ್ನವರ ಮೇಲೂ ಸೇಡು ತೀರಿಸಿಕೊಂಡೇ ತೀರುತ್ತದೆ ಎಂದು ಶಾಪ ಹಾಕಿ ಪ್ರಾಣ ಬಿಡುತ್ತಾನೆ. ಮುಂದಿನ ನಾನೂರೈನೂರು ಪುಟಗಳಲ್ಲಿ ಆಗುವುದೆಲ್ಲ ಈ ಶಾಪದ ಫಲ. ಯಾರ್ಕ್‌ಶೈರಿನ ಆ ಹುಟ್ಟುಹಬ್ಬ, ಆ ಕಳ್ಳತನ, ಮುರಿದು ಬೀಳುವ ಮದುವೆ, ಸಾವುಗಳು ಎಲ್ಲವೂ ಕಾವೇರಿಯ ನಡುಗಡ್ಡೆಯ ಒಂದು ಸಂಜೆಯ ಅನ್ಯಾಯದಿಂದ ಹುಟ್ಟಿದವು!

ವಜ್ರ ಕಲ್ಪನೆಯದು. ಆದರೆ ಬೇರ್ಡ್ ನಿಜ, ಲಗ್ಗೆ ನಿಜ, ತಾರೀಖು ನಿಜ, ಲೂಟಿ ನಿಜ. ಡೇವಿಡ್ ಬೇರ್ಡ್ 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು ನಾಲ್ಕು ವರ್ಷದ ಹತ್ತಿರ ಶ್ರೀರಂಗಪಟ್ಟಣದ ಸೆರೆಮನೆಯಲ್ಲೇ ಕೊಳೆತವನು. ಅವನು ಸೋತ ಆ ಯುದ್ಧದ ಚಿತ್ರ ಇವತ್ತಿಗೂ ದರಿಯಾ ದೌಲತ್ ಅರಮನೆಯ ಗೋಡೆಯ ತುಂಬ ಇದೆ. 1799ರಲ್ಲಿ ಅದೇ ಕೋಟೆಯ ಮೇಲಿನ ಲಗ್ಗೆಗೆ ಮುಂದಾಳಾಗಲು ತಾನಾಗಿ ಮುಂದೆ ಬಂದವನೂ ಅವನೇ. ಎಂಥ ಪಾತ್ರ! ಕಾಲಿನ್ಸ್ ಅವನನ್ನು ಹೆಸರು ಸಹಿತ ಎತ್ತಿ ತನ್ನ ಕಾದಂಬರಿಯ ಬಾಗಿಲಲ್ಲಿ ನಿಲ್ಲಿಸಿಬಿಟ್ಟ.

ಮದ್ದೂರು ಹೊಳೆ, ಮಳವಳ್ಳಿ ಬಯಲು

ಇಷ್ಟು ತಿಳಿದ ಮೇಲೆ ಮನೆಯಲ್ಲಿ ಕೂರುವುದು ಹೇಗೆ? ಹರ್ನ್‌ಕ್ಯಾಸಲ್ ಬೇರ್ಡನ ಕೈಕೆಳಗಿನವನು. ಬೇರ್ಡ್ ಇದ್ದದ್ದು ಜನರಲ್ ಹ್ಯಾರಿಸ್ ನಡೆಸಿಕೊಂಡು ಬಂದ ಮದರಾಸಿನ ಸೈನ್ಯದಲ್ಲಿ. ಹಾಗಾದರೆ ಆ ಸೈನ್ಯ ಬಂದ ದಾರಿಯೇ ವಜ್ರಚೋರನ ದಾರಿಯೂ ಹೌದು. ಆ ದಾರಿ ಯಾವುದೆಂದು ನೋಡಿದರೆ, ವೆಲ್ಲೂರಿನಿಂದ ಹೊರಟು ಆನೇಕಲ್, ಕನಕಪುರ ದಾಟಿ ನೇರವಾಗಿ ಮಳವಳ್ಳಿ!

1799ರ ಮಾರ್ಚಿಯಲ್ಲಿ ಟಿಪ್ಪು ಮೊದಲು ಬೀಡುಬಿಟ್ಟಿದ್ದು ಮದ್ದೂರಿನಲ್ಲಿ, ಶಿಂಷಾ ಹೊಳೆಯ ಪಕ್ಕ. ಇಲ್ಲೇ ಶತ್ರುವನ್ನು ತಡೆಯಬೇಕೆಂಬ ಯೋಚನೆಯಿತ್ತು. ಆಮೇಲೆ ಮನಸ್ಸು ಬದಲಿಸಿ ಮಳವಳ್ಳಿಗೆ ಸರಿದ. ಬೆಂಗಳೂರು ಮೈಸೂರು ರೈಲಿನಲ್ಲಿ ಮದ್ದೂರು ವಡೆಯ ಕೂಗು ಕೇಳುತ್ತ ಶಿಂಷಾ ಸೇತುವೆ ದಾಟುವಾಗ ನಾವು ಕಿಟಕಿಯಾಚೆ ನೋಡುವುದು ಗದ್ದೆ, ತೆಂಗು, ಕಬ್ಬು. ಸುಲ್ತಾನನ ಡೇರೆಗಳಿದ್ದ ಹೊಳೆದಂಡೆ ಇದೇ ಎಂದು ತಿಳಿದು ಒಮ್ಮೆ ನೋಡಿ, ಆ ಹೊಳೆಯೇ ಬೇರೆಯಾಗಿ ಕಾಣುತ್ತದೆ!

ಮಾರ್ಚಿ 27ರಂದು ಮಳವಳ್ಳಿಯ ಬಯಲಿನಲ್ಲಿ ಎರಡೂ ಸೈನ್ಯ ಎದುರಾದವು. ಇಂಗ್ಲಿಷರ ಎಡಪಕ್ಕದ ದಂಡು, ನಿಜಾಮನ ಪಡೆ, 33ನೇ ರೆಜಿಮೆಂಟು ಇವನ್ನೆಲ್ಲ ನಡೆಸಿದವನು ಆರ್ಥರ್ ವೆಲ್ಲೆಸ್ಲಿ. 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ! ವಾಟರ್ಲೂಗೆ ಹದಿನಾರು ವರ್ಷ ಮೊದಲು ಆ ಮನುಷ್ಯ ಕುದುರೆ ಓಡಿಸಿದ್ದು ನಮ್ಮ ಮಳವಳ್ಳಿಯ ಹೊಲಗಳಲ್ಲಿ. ಮಳವಳ್ಳಿ ಟಿಪ್ಪುವಿಗೂ ಬರಿಯ ರಣರಂಗವಾಗಿರಲಿಲ್ಲ. ಹೈದರಾಲಿ ಮಗನಿಗೆ ಜಹಗೀರಾಗಿ ಕೊಟ್ಟಿದ್ದ ಊರದು, ಕೆರೆಯ ಮೇಲುಗಡೆ ದೊಡ್ಡ ಹಣ್ಣಿನ ತೋಟವಿತ್ತು. ತನ್ನದೇ ತೋಟದ ಊರಿನ ಮುಂದೆ ಸುಲ್ತಾನ ಸೋತು ಹಿಂದೆ ಸರಿಯಬೇಕಾಯಿತು.

ಮಳವಳ್ಳಿ ಹೊರಗೆ ರಸ್ತೆ ಬದಿ ನಿಂತು ಬಯಲು ನೋಡುತ್ತಿದ್ದಾಗ, ಹಸು ಹಿಡಿದುಕೊಂಡು ಬಂದ ಹಿರಿಯರೊಬ್ಬರು ತಡೆದು ಮಾತಾಡಿಸಿದರು.

“ಏನ್ ಸಾರ್, ಜಮೀನ್ ನೋಡಕ್ ಬಂದ್ರಾ?”

“ಇಲ್ಲ ಗೌಡ್ರೇ, ಟಿಪ್ಪು ಸುಲ್ತಾನ್ ಇಂಗ್ಲಿಷರ ಜೊತೆ ಲಡಾಯಿ ಮಾಡಿದ ಜಾಗ ನೋಡೋಣ ಅಂತ ಬಂದೆ.”

“ಲಡಾಯಿ ಆಗಿತ್ತು ಅಂತ ನಮ್ ತಾತ ಏಳೋರು. ಅದ್ಕೆ ಈಗ್ಯಾಕ್ ಬಂದ್ರಿ?”

ವಜ್ರದ ಕಥೆ ಹೇಳಿದೆ. ಹಸುವಿನ ಹಗ್ಗ ಕೈಗೆ ಸುತ್ತಿಕೊಂಡು ಪೂರ್ತಿ ಕೇಳಿದರು. ಕಠಾರಿ, ಪಂಜು, ಶಾಪ, ಸಮುದ್ರದಾಚೆಯ ಮನೆ, ಹಿಂದೆ ಬಿದ್ದ ಮೂವರು. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ:

“ಅಂಗಾರೆ ಆ ಮೂರ್ ಜನಕ್ಕೆ ಕಲ್ಲು ಸಿಕ್ತಾ ಇಲ್ವಾ?”

ಎಂಥ ಪ್ರಶ್ನೆ ನೋಡಿ! ಕದ್ದವರು ಯಾರು ಎಂದು ಅವರು ಕೇಳಲಿಲ್ಲ. ಅದು ಅವರಿಗೆ ಮೊದಲೇ ಗೊತ್ತಾಗಿತ್ತು. ಕದ್ದವನು ಹರ್ನ್‌ಕ್ಯಾಸಲ್! ಒಂದೂವರೆ ಶತಮಾನದಿಂದ ಓದುಗರು ಯಾರ್ಕ್‌ಶೈರಿನ ಮನೆಯೊಳಗೆ ಕಳ್ಳನನ್ನು ಹುಡುಕುತ್ತಿದ್ದರೆ, ಮಳವಳ್ಳಿಯ ಹಿರಿಯರು ಒಂದೇ ಮಾತಿನಲ್ಲಿ ಕಥೆಯನ್ನು ಅದರ ಬುಡದಿಂದ ಹಿಡಿದಿದ್ದರು.

ಮಳವಳ್ಳಿಯಿಂದ ಮುಂದೆ ಹ್ಯಾರಿಸ್ ಏನು ಮಾಡಿದ ಎನ್ನುವುದೂ ರೋಚಕ. ಸೈನ್ಯದ ಸಾಮಾನು ಎಳೆಯಲು ಬಂದ ಎತ್ತುಗಳೇ ಹತ್ತಾರು ಸಾವಿರ, ಅವಕ್ಕೆ ಮೇವು ಬೇಕು. 1791ರಲ್ಲಿ ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಅರಕೆರೆ ಕಡೆಯಿಂದ ಬಂದಿದ್ದ. ಇವರೂ ಅದೇ ದಾರಿ ಹಿಡಿಯುತ್ತಾರೆಂದು ಟಿಪ್ಪು ಅಲ್ಲಿನ ಮೇವನ್ನೆಲ್ಲ ನಾಶಮಾಡಿಸಿದ್ದ. ಹ್ಯಾರಿಸ್ ದಾರಿ ತಪ್ಪಿಸಿ ದಕ್ಷಿಣಕ್ಕೆ ತಿರುಗಿ, ತಿರುಮಕೂಡಲು ನರಸೀಪುರದ ಹತ್ತಿರದ ಸೋಸಲೆಯಲ್ಲಿ ಕಾವೇರಿ ದಾಟಿಬಿಟ್ಟ. ಹೊಳೆಯಾಚೆ ಹುಲ್ಲು ಹಾಗೇ ಇತ್ತು. ಏಪ್ರಿಲ್ 5ಕ್ಕೆಲ್ಲ ಶ್ರೀರಂಗಪಟ್ಟಣದ ಮುಂದೆ ಬಿಡಾರ. ಈ ಜಾಗಗಳನ್ನೆಲ್ಲ ನಿಂತು ನೋಡಿದ ಮೇಲೆ ಕಾದಂಬರಿಯ ಆ ಬಿಡಾರದ ಹರಟೆಗೂ ಒಂದು ಮಣ್ಣು, ಒಂದು ಗಾಳಿ ಬಂತು. ವಜ್ರದ ಕಥೆ ಮೊದಲು ಯಾರ ಬಾಯಿಂದ ಹೊರಟಿತೋ, ಯಾವ ಬೆಂಕಿಯ ಸುತ್ತ ಹಬ್ಬಿತೋ! ಮಳವಳ್ಳಿ ಕೆರೆಯ ಏರಿಯ ಮೇಲೆ ನಿಂತಾಗ, ಇಲ್ಲೇ ಇರಬಾರದೇಕೆ ಎನ್ನಿಸಿದ್ದು ನಿಜ.

ಸರಿದು ಕೂತ ಶಸ್ತ್ರಾಗಾರ

ಶ್ರೀರಂಗಪಟ್ಟಣಕ್ಕೆ ಎಷ್ಟು ಸಲ ಹೋಗಿದ್ದರೂ ಈ ಕಾದಂಬರಿ ಓದಿಕೊಂಡು ಹೋಗುವುದೇ ಬೇರೆ. ಕೋಟೆ ಗೋಡೆ ಒಡೆದ ಜಾಗದಲ್ಲಿ 1907ರಲ್ಲಿ ನಿಲ್ಲಿಸಿದ ಸ್ಮಾರಕ ಸ್ತಂಭವಿದೆ. ಬೇರ್ಡನ ಸೈನಿಕರು ನದಿ ದಾಟಿ ಹತ್ತಿದ್ದು ಅಲ್ಲೇ. ರಂಗನಾಥಸ್ವಾಮಿ ದೇವಸ್ಥಾನದ ಹತ್ತಿರ ಟಿಪ್ಪುವಿನ ಅರಮನೆ ಇದ್ದ ಜಾಗವಿದೆ. ಕಟ್ಟಡ ಹೋಗಿದೆ, ತಳಪಾಯದ ಗುರುತು ಉಳಿದಿದೆ. ಕಾಲಿನ್ಸ್ ಬರೆದ ಖಜಾನೆಯ ಅಂಗಳ, ಶಸ್ತ್ರಾಗಾರದ ಬಾಗಿಲು, ಪಂಜಿನ ಬೆಳಕು ಎಲ್ಲವನ್ನೂ ಆ ಖಾಲಿ ನೆಲದ ಮೇಲೆ ನಾವೇ ಕಟ್ಟಿಕೊಳ್ಳಬೇಕು.

ಇನ್ನೊಂದು ಅದ್ಭುತವಿದೆ! ಕೋಟೆಯೊಳಗೆ ಉಳಿದಿರುವ ಟಿಪ್ಪು ಕಾಲದ ಶಸ್ತ್ರಾಗಾರಗಳಲ್ಲಿ ಒಂದು, ನಿಜವಾಗಿ ಮದ್ದಿನ ಮನೆ, ಬೆಂಗಳೂರು ಮೈಸೂರು ಜೋಡಿ ರೈಲು ಹಳಿಗೆ ಅಡ್ಡ ಬಂದಿತ್ತು. ಅದನ್ನು ಕೆಡವದೆ, 2017ರಲ್ಲಿ ಇಡೀ ಕಟ್ಟಡವನ್ನೇ ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಕೂರಿಸಿದರು. ಕಾದಂಬರಿಯ ಶಸ್ತ್ರಾಗಾರ ಅರಮನೆಯೊಳಗಿನದು, ಇದು ಬೇರೆ. ಆದರೂ ಆ ಕಥೆ ತಲೆಯಲ್ಲಿಟ್ಟುಕೊಂಡು ಆ ಇಟ್ಟಿಗೆಯ ಕಟ್ಟಡದ ಮುಂದೆ ನಿಂತರೆ ರೋಮಾಂಚನ ತಪ್ಪುವುದಿಲ್ಲ. ಮಂಡ್ಯ, ಮದ್ದೂರು ದಾಟಿ ಬರುವ ನಮ್ಮ ದಿನನಿತ್ಯದ ರೈಲಿಗೆ ಟಿಪ್ಪುವಿನ ಕಾಲದ ಗೋಡೆಗಳು ಎದ್ದು ದಾರಿ ಬಿಟ್ಟಿವೆ!

ಲೂಟಿಯ ವಿಷಯದಲ್ಲಿ ಕಾಲಿನ್ಸ್ ಉತ್ಪ್ರೇಕ್ಷೆ ಮಾಡಿಲ್ಲ. ಲಗ್ಗೆಯ ಮರುದಿನ ಊರಿನ ಉಸ್ತುವಾರಿ ಹೊತ್ತ ವೆಲ್ಲೆಸ್ಲಿಯೇ ತನ್ನ ಪತ್ರದಲ್ಲಿ ಬರೆದಿದ್ದಾನೆ: ಲೂಟಿಯಾಗದ ಮನೆಯೇ ಇಲ್ಲ, ಬೆಲೆಬಾಳುವ ಒಡವೆಗಳನ್ನೂ ಚಿನ್ನದ ಗಟ್ಟಿಗಳನ್ನೂ ಸೈನಿಕರು ದಂಡಿನ ಬಜಾರಿನಲ್ಲಿ ಮಾರುತ್ತಿದ್ದಾರೆ ಎಂದು. ಲೂಟಿಯ ಹಂಚಿಕೆಯಲ್ಲಿ ಜನರಲ್ ಹ್ಯಾರಿಸ್ ಒಬ್ಬನ ಪಾಲೇ 1,40,000 ಪೌಂಡು ಮೀರಿತ್ತು. ಟಿಪ್ಪುವಿನ ಚಿನ್ನದ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಅದರ ಹುಲಿಯ ತಲೆಯೂ ಹುಮಾ ಹಕ್ಕಿಯೂ ಇಂಗ್ಲೆಂಡಿನ ರಾಜಮನೆತನದ ವಿಂಡ್ಸರ್ ಕೋಟೆ ಸೇರಿದವು. ಸಿಪಾಯಿಯ ಕತ್ತು ಹಿಡಿದು ಗರ್ಜಿಸುವ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಆ ಒಂದು ಸಂಜೆ ಅಷ್ಟೆಲ್ಲ ಹೊರಟುಹೋಗಿರುವಾಗ, ಕಲ್ಪನೆಯ ವಜ್ರವೊಂದನ್ನು ಆ ರಾಶಿಗೆ ಸೇರಿಸುವುದು ಕಾದಂಬರಿಕಾರನಿಗೆ ಎಷ್ಟು ಸಹಜವಾಗಿರಬೇಕು!

ತಾನು ಕೊಹಿನೂರನ್ನೂ ರಷ್ಯಾದ ಚಕ್ರವರ್ತಿಯ ರಾಜದಂಡದಲ್ಲಿದ್ದ ವಜ್ರವನ್ನೂ ನೆನೆದು ಈ ಕಥೆ ಹೆಣೆದೆ ಎಂದು ಕಾಲಿನ್ಸ್ ಮುನ್ನುಡಿಯಲ್ಲಿ ಸೂಚಿಸಿದ್ದಾನೆ. ಆ ರಷ್ಯಾದ ವಜ್ರ, ಅಂದರೆ ಆರ್ಲಾಫ್, ಶ್ರೀರಂಗದ ರಂಗನಾಥನ ಕಣ್ಣಿನಿಂದ ಕದ್ದದ್ದು ಎಂಬ ದಂತಕಥೆಯಿದೆ. ಆದಿರಂಗ ನಮ್ಮ ಶ್ರೀರಂಗಪಟ್ಟಣ, ಮಧ್ಯರಂಗ ಮಳವಳ್ಳಿಗೆ ಹತ್ತಿರದ ಶಿವನಸಮುದ್ರ, ಅಂತ್ಯರಂಗ ಆ ಶ್ರೀರಂಗ. ಒಂದೇ ಕಾವೇರಿಯ ಮೂರು ನಡುಗಡ್ಡೆ, ಒಬ್ಬನೇ ರಂಗನಾಥ. ಭಾರತಕ್ಕೆ ಒಮ್ಮೆಯೂ ಬಾರದ ಕಾಲಿನ್ಸ್ ಕಾವೇರಿಯ ಕೊನೆಯ ರಂಗನ ಐತಿಹ್ಯವನ್ನು ಎತ್ತಿಕೊಂಡು ಮೊದಲ ರಂಗನ ಊರಿನಲ್ಲಿ ಕಥೆ ಶುರುಮಾಡಿದ್ದಾನೆ!

ಈ ದಡದಿಂದ ನೋಡಿದಾಗ

ಇಷ್ಟಾದ ಮೇಲೆ ಧಾರಾವಾಹಿಯನ್ನು ಮತ್ತೆ ಹಾಕಿಕೊಂಡು ನೋಡಿದೆ. ಅಬ್ಬಾ, ಕಥೆಯೇ ತಿರುಗಿ ನಿಂತಿತು! ಮೊದಲ ಸಲ ಆ ಮೂವರು ಭಾರತೀಯರು ಕಿಟಕಿಯಾಚೆಯ ನೆರಳುಗಳಾಗಿದ್ದರು, ಅನುಮಾನಕ್ಕೆ ಒಳಗಾಗಲೆಂದೇ ಬಂದವರಾಗಿದ್ದರು. ಈಗ ಅವರೇ ನನ್ನ ಕಥಾನಾಯಕರು. ಮನೆಯೊಳಗಿನ ಚಹಾ, ಕೈಕುಲುಕು, ಮದುವೆಯ ಮಾತು ನಡೆಯುತ್ತಿರುವಾಗಲೂ ನನ್ನ ಕಣ್ಣು ಅವರು ಎಲ್ಲಿದ್ದಾರೆಂದು ಹುಡುಕುತ್ತಿತ್ತು. ಜಾತಿ ಕಳೆದುಕೊಳ್ಳುತ್ತೇವೆಂದು ಗೊತ್ತಿದ್ದೂ ಕಡಲು ದಾಟಿದವರು, ತಮ್ಮದಲ್ಲದ ಚಳಿಯಲ್ಲಿ, ತಮ್ಮದಲ್ಲದ ವೇಷದಲ್ಲಿ ವರ್ಷಗಟ್ಟಲೆ ಕಾದವರು. ಪರದೆಯ ಮೇಲೆ ಅವರಿಗೆ ಸಿಗುವುದು ಕೆಲವೇ ನಿಮಿಷ. ಆದರೆ ಇಡೀ ಕಥೆಯಲ್ಲಿ ತಮ್ಮದಲ್ಲದ್ದನ್ನು ಬಯಸದವರು ಅವರು.

ಇದು ನಾನು ಹಟದಿಂದ ಹುಡುಕಿ ಹೊರಡಿಸಿದ ಅರ್ಥವಲ್ಲ. ಕಾಲಿನ್ಸ್ ಬರೆದಿರುವುದೇ ಹಾಗೆ. ಅವನು ಬರೆದ ಕಾಲ ಯಾವುದೆಂದು ನೋಡಿ. ‘ಮೂನ್‌ಸ್ಟೋನ್’ ಡಿಕನ್ಸ್ ನಡೆಸುತ್ತಿದ್ದ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ 1868ರ ಜನವರಿ 4ರಿಂದ ಆಗಸ್ಟ್ 8ರವರೆಗೆ 32 ಕಂತುಗಳಲ್ಲಿ ಬಂತು. 1857ರ ದಂಗೆ ನಡೆದು ಆಗಿನ್ನೂ ಹನ್ನೊಂದು ವರ್ಷ. ಭಾರತೀಯರ ಮೇಲೆ ಇಂಗ್ಲೆಂಡಿನಲ್ಲಿ ಕೋಪ ಇನ್ನೂ ಆರಿರಲಿಲ್ಲ. ಸ್ವತಃ ಡಿಕನ್ಸ್ ಆ ದಂಗೆಯ ಕಾಲದಲ್ಲಿ ಭಾರತೀಯರ ಬಗ್ಗೆ ಅತಿ ಕ್ರೂರವಾದ ಮಾತು ಬರೆದಿದ್ದ. ಅಂಥವನ ಪತ್ರಿಕೆಯಲ್ಲೇ ಕಾಲಿನ್ಸ್ ಮೊದಲ ಅಪರಾಧಿಯನ್ನಾಗಿ ನಿಲ್ಲಿಸಿದ್ದು ಒಬ್ಬ ಇಂಗ್ಲಿಷ್ ಸೈನ್ಯಾಧಿಕಾರಿಯನ್ನು! ಎಂಥ ಎದೆಗಾರಿಕೆ! ಅದೂ ಯಾವ ಸ್ಥಿತಿಯಲ್ಲಿ? ತಾಯಿ ಆ ಮಾರ್ಚಿಯಲ್ಲಿ ತೀರಿಕೊಂಡಿದ್ದಳು. ತನಗೆ ಸಂಧಿವಾತದ ತಡೆಯಲಾರದ ನೋವು, ಅದಕ್ಕೆ ಅಫೀಮಿನ ದ್ರಾವಣ, ಕೆಲವು ಭಾಗಗಳನ್ನು ಮಲಗಿದಲ್ಲಿಂದಲೇ ಹೇಳಿ ಬರೆಸಿದ. ಅದೇ ಅಫೀಮು ಕಥೆಯ ಗಂಟು ಬಿಡಿಸುವ ಕೀಲಿಯಾಗಿಯೂ ಬರುತ್ತದೆ. ಹೇಗೆ ಎಂದು ನಾನು ಹೇಳುವುದಿಲ್ಲ, ನೀವೇ ನೋಡಿ!

ವಾರವಾರ ಬಂದ ಕಥೆ ಎನ್ನುವುದೂ ಮುಖ್ಯ. ‘ಸುಧಾ’, ‘ಪ್ರಜಾಮತ’ಗಳ ಧಾರಾವಾಹಿಗೆ ಕಾದು ಕೂತ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಂತಿನ ಕೊನೆಯಲ್ಲಿ ಉಸಿರು ಹಿಡಿಸುವ ಕಲೆ ಈ ಕಾದಂಬರಿಯ ರಕ್ತದಲ್ಲೇ ಇದೆ, ಹಾಗಾಗಿಯೇ ಟಿವಿಗೆ ಇದು ಇಷ್ಟು ಚೆನ್ನಾಗಿ ಒಗ್ಗುತ್ತದೆ. ಸಾರ್ಜೆಂಟ್ ಕಫ್ ಎಂಬ ಪೊಲೀಸ್ ಪತ್ತೇದಾರ ಬರುತ್ತಾನೆ. ತೆಳ್ಳನೆಯ ಮುದಿ ಮನುಷ್ಯ, ಕಳ್ಳರಿಗಿಂತ ಗುಲಾಬಿ ಗಿಡಗಳ ಮೇಲೇ ಅವನಿಗೆ ಪ್ರೀತಿ. ಜೋನಾಥನ್ ವಿಚರ್ ಎಂಬ ನಿಜವಾದ ಪತ್ತೇದಾರನ ಛಾಯೆ ಇವನಲ್ಲಿದೆ. ಬಾಗಿಲ ಮೇಲಿನ ಹಸಿ ಬಣ್ಣದಲ್ಲಿ ಆದ ಒಂದು ಚಿಕ್ಕ ಒರಸಿನಿಂದ ತನಿಖೆ ಶುರುಮಾಡುತ್ತಾನೆ. ಷರ್ಲಾಕ್ ಹೋಮ್ಸ್ ಹುಟ್ಟಲು ಇನ್ನೂ ಹತ್ತೊಂಬತ್ತು ವರ್ಷವಿತ್ತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆಗೆ ತಂದು ಓದಿದ ಕನ್ನಡಿಗರೆಲ್ಲರೂ ಒಂದು ಲೆಕ್ಕದಲ್ಲಿ ಈ ಕಫ್‌ನ ಒಕ್ಕಲು. ಆ ಕಫ್‌ಗೆ ಕೆಲಸ ಕೊಟ್ಟಿದ್ದು ಶ್ರೀರಂಗಪಟ್ಟಣ!

ನೋಡಬೇಕೆನ್ನುವವರಿಗೆ

ಬಿಬಿಸಿ ಈ ಕಾದಂಬರಿಗೆ ಮತ್ತೆ ಮತ್ತೆ ಮರಳಿದೆ: 1959ರಲ್ಲಿ, 1972ರಲ್ಲಿ, 1996ರಲ್ಲಿ, 2016ರಲ್ಲಿ. 1996ರದ್ದು ಒಂದೇ ಬೈಠಕ್ಕಿನಲ್ಲಿ ಮುಗಿಯುವಂಥದ್ದು. ಫ್ರಾಂಕ್ಲಿನ್ ಆಗಿ ಗ್ರೆಗ್ ವೈಸ್, ರೇಚಲ್ ಆಗಿ ಕೀಲಿ ಹಾಸ್, ಕಫ್ ಆಗಿ ರಂಗಭೂಮಿಯ ದೊಡ್ಡ ನಟ ಆಂಟನಿ ಷೇರ್. ಅವಸರವಿರುವವರು ಅದನ್ನು ನೋಡಬಹುದು. ನನ್ನ ಮತ ಮಾತ್ರ 1972ಕ್ಕೇ. ಐದು ಕಂತಿನ ಆ ವಿರಾಮದಲ್ಲಿ ಪ್ರತಿ ಪಾತ್ರದ ಗುಟ್ಟಿಗೂ ಹಣ್ಣಾಗಲು ಸಮಯವಿದೆ. ಮೊದಲು ಕಾದಂಬರಿಯ ಶ್ರೀರಂಗಪಟ್ಟಣದ ಅಧ್ಯಾಯವನ್ನು ಓದಿಕೊಳ್ಳಿ, ಅರ್ಧ ಗಂಟೆ ಸಾಕು. ಆಮೇಲೆ ಧಾರಾವಾಹಿ ಹಾಕಿ. ಇಂಗ್ಲಿಷ್ ಮಾತಿನ ವೇಗಕ್ಕೆ ಹೆದರಬೇಡಿ. ಆ ಕಾಲದ ನಟರು ಮಾತನ್ನು ಬಿಡಿಸಿ ಬಿಡಿಸಿ ಆಡುತ್ತಾರೆ.

ಮಳವಳ್ಳಿಯ ಹಿರಿಯರಿಗೆ ನಾನು ಕೊಟ್ಟ ಉತ್ತರ ಇಷ್ಟು: ಸಿಕ್ಕಿತು ಗೌಡ್ರೇ. 1850ರಲ್ಲಿ, ಕಾಠಿಯಾವಾಡದಲ್ಲಿ, ಸೋಮನಾಥದ ಹತ್ತಿರ, ಸಾವಿರಾರು ಜನರ ಮುಂದೆ ಚಂದ್ರದೇವರ ಹಣೆಯ ಮೇಲೆ ಆ ವಜ್ರ ಮತ್ತೆ ಬೆಳಗಿತು. ಶ್ರೀರಂಗಪಟ್ಟಣದಿಂದ ಹೊರಟ ಕಲ್ಲು ಐವತ್ತು ವರ್ಷ ಕಳೆದು ಹುಟ್ಟಿದ ಊರು ಸೇರಿತು. ಒಬ್ಬ ಇಂಗ್ಲಿಷ್ ಲೇಖಕ ಸಾಮ್ರಾಜ್ಯದ ಮಧ್ಯಾಹ್ನದಲ್ಲಿ ನಿಂತು, ತೆಗೆದುಕೊಂಡು ಬಂದದ್ದನ್ನು ವಾಪಸು ಕೊಟ್ಟರೇ ಕಥೆ ಮುಗಿಯುವುದು ಎಂದು ಬರೆದ!

ಇಂಗ್ಲಿಷ್ ಕಾದಂಬರಿಯನ್ನು ಟಿವಿಗೆ ತರುವ ಕೆಲಸ ನಮ್ಮವರಿಗೂ ಗೊತ್ತಿಲ್ಲದ್ದೇನಲ್ಲ. ಆರ್.ಕೆ. ನಾರಾಯಣರು 1935ರಲ್ಲಿ ಇಂಗ್ಲಿಷಿನಲ್ಲಿ ಬರೆದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನು ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಸರಣಿಯಲ್ಲಿ ಆಗುಂಬೆಯ ಬೀದಿಗೆ ತಂದು, 1986ರಲ್ಲಿ ದೂರದರ್ಶನದ ಮೂಲಕ ಇಡೀ ದೇಶಕ್ಕೆ ತೋರಿಸಿದರು. ಭಗವಾನ್ ಗಿದ್ವಾನಿ 1976ರಲ್ಲಿ ಇಂಗ್ಲಿಷಿನಲ್ಲಿ ಬರೆದ ಕಾದಂಬರಿಯಿಂದ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿ ಬಂತು. 1989ರ ಫೆಬ್ರವರಿ 8ರಂದು ಅದರ ಚಿತ್ರೀಕರಣದ ವೇಳೆ ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಹೊತ್ತಿ 62 ಜನ ಪ್ರಾಣ ಬಿಟ್ಟರು. ಅಷ್ಟು ದೊಡ್ಡ ದುಃಖದ ನಂತರವೂ 1990ರಲ್ಲಿ ಧಾರಾವಾಹಿ ಪ್ರಸಾರವಾಯಿತು. ನಮ್ಮ ನೆಲದ ಕಥೆಗಳನ್ನು ಟಿವಿಗೆ ತರಲು ಇಷ್ಟು ದುಡಿದ ನಾಡಿದು.

ಹಾಗಾದರೆ ‘ಮೂನ್‌ಸ್ಟೋನ್’ ಕನ್ನಡಕ್ಕೆ ಏಕೆ ಬರಬಾರದು? ಈ ಸಲ ಕಥೆ ಯಾರ್ಕ್‌ಶೈರಿನಲ್ಲಿ ಶುರುವಾಗುವುದು ಬೇಡ. ಮದ್ದೂರು ಹೊಳೆಯ ಡೇರೆಗಳಿಂದ ಶುರುವಾಗಲಿ, ಮಳವಳ್ಳಿಯ ಬಯಲಿನಲ್ಲಿ ಧೂಳೇಳಲಿ, ಸೋಸಲೆಯಲ್ಲಿ ಎತ್ತುಗಳು ನದಿಗಿಳಿಯಲಿ, ರಂಗನಾಥನ ಗುಡಿಯ ಪಕ್ಕದ ಅಂಗಳದಲ್ಲಿ ಪಂಜು ಉರಿಯಲಿ. ಮೂವರು ಕಾವಲುಗಾರರಿಗೆ ಒಂದೊಂದು ಹೆಸರು ಬರಲಿ, ಬಾಯಿ ಬರಲಿ, ಬದುಕು ಬರಲಿ. ಅವರು ಕಡಲು ದಾಟುವಾಗ ಕ್ಯಾಮೆರಾ ಅವರ ಜೊತೆಗೇ ದಾಟಲಿ. ಕಥೆಯ ಈ ಅರ್ಧವನ್ನು ಹೇಳಲು ಮಂಡ್ಯದವರಿಗಿಂತ ತಕ್ಕವರು ಬೇರೆ ಯಾರಿದ್ದಾರೆ? ಬರೆಯುವ ಕೈ, ಕುರುಕ್ಷೇತ್ರ ಆಡಿ ಪಳಗಿದ ನಟರು, ಕಥೆ ನಡೆದ ಜಾಗ ಮೂರೂ ಈ ಜಿಲ್ಲೆಯಲ್ಲೇ ಇವೆ. ಯಾರಾದರೂ ಕೈ ಹಾಕಿ, ಮೊದಲ ಕಂತಿಗೆ ಮಳವಳ್ಳಿಯ ಆ ಹಿರಿಯರನ್ನು ನಾನೇ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ!